ಅತ್ತೆ ಬಾಯಿಗಿಡದ ಕೇಕು

ಕೇಕು ಮಾಡುವ ಮನೆಯಲ್ಲಿ ನಗುವುದಕ್ಕೆ ಯಾವತ್ತೂ ಬರ ಬರುವುದಿಲ್ಲ. ಹೋಳಿಗೆ ಹರಿದರೆ ಮಡಿಸಿ ಬಡಿಸಬಹುದು, ಪಾಯಸ ತಳ ಹಿಡಿದರೆ ಇನ್ನೆರಡು ಏಲಕ್ಕಿ ಕುಟ್ಟಿ ಹಾಕಿ ಸುಮ್ಮನಾಗಬಹುದು. ಕೇಕು ಕೆಟ್ಟರೆ ಮಾತ್ರ ಮುಚ್ಚಿಡಲು ಬಾರದು. ಕೆಡದಿದ್ದರೂ ಏನಾದರೊಂದು ಆಗಿಯೇ ಆಗುತ್ತದೆ.

ನಾನು ದುರ್ಗದ ಹುಡುಗಿ. ನಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಒಬ್ಬ ಇಂಗ್ಲಿಷ್ ದೊರೆಸಾನಿ ಹೊಲಿಗೆ ಕಲಿಸುತ್ತಿದ್ದಳು, ಅದರ ಜೊತೆಗೆ ಕೇಕನ್ನೂ ಕಲಿಸಿದಳು. ನನಗೆ ಹೊಲಿಗೆ ಹತ್ತಲಿಲ್ಲ, ಕೇಕು ಹತ್ತಿತು. ನಮ್ಮಂಥವರ ಮನೆಗೆ ಮೊಟ್ಟೆ ಆಗದು ಎಂದು ತಿಳಿದು ಹುಳಿಮೊಸರಿಗೆ ಸೋಡಾಪುಡಿ ಹಾಕಿ ಹಿಟ್ಟು ಉಬ್ಬಿಸುವುದನ್ನು ಅವಳೇ ತೋರಿಸಿಕೊಟ್ಟಳು. ಆ ವಿದ್ಯೆಯೊಂದನ್ನು ಗಂಟು ಕಟ್ಟಿಕೊಂಡು ನಾನು ಚಳ್ಳಕೆರೆಯ ಶಾಲೆ ಮೇಷ್ಟರ ಹೆಂಡತಿಯಾಗಿ ಬಂದೆ. ನನ್ನ ಕೇಕನ್ನು ಬೀದಿಗೆ ಬೀದಿಯೇ ತಿಂದು ಹೊಗಳಿತು. ನಮ್ಮ ಅತ್ತೆಯೊಬ್ಬರು ಮುಟ್ಟಲಿಲ್ಲ. ಮನೆಯೊಳಗಿನ ಒಂದು ಬಾಯಿ ಒಪ್ಪದಿದ್ದರೆ ಸೊಸೆಯಾದವಳಿಗೆ ಊರು ಹೊಗಳಿದ್ದೆಲ್ಲ ಸಪ್ಪೆ. ಅತ್ತೆಯ ಬಾಯಿಗೆ ಒಂದು ತುಂಡು ಬೀಳಬೇಕು ಅನ್ನುವುದು ನನಗೆ ಆಸೆಯಾಗಿ ಶುರುವಾಗಿ ಹಟವಾಗಿ ಬೆಳೆಯಿತು. ಆ ಹಟದ ದಿನಗಳಲ್ಲಿ ನಡೆದದ್ದು ಇದೆಲ್ಲ.

೧. ಮೇಲೂ ಕೆಂಡ, ಕೆಳಗೂ ಕೆಂಡ

ದೊರೆಸಾನಿಯ ಮನೆಯಲ್ಲಿ ಕೇಕು ಬೇಯಿಸಲು ಕಬ್ಬಿಣದ ಪೆಟ್ಟಿಗೆ ಇತ್ತು. ನಮ್ಮ ಮನೆಯಲ್ಲಿ ಇದ್ದದ್ದು ಹಿತ್ತಲಿನ ಒಂದು ಹಳೇ ಹಂಡೆ. ಅದರ ತಳಕ್ಕೆ ಹಳ್ಳದ ಮರಳು ತುಂಬಿ, ಮರಳಿನ ಮೇಲೆ ಹಿಟ್ಟಿನ ತಪ್ಪಲೆ ಇಟ್ಟು, ಹಂಡೆಯ ಬಾಯಿಗೆ ತಗಡು ಮುಚ್ಚಿ, ತಗಡಿನ ಮೇಲೂ ಕೆಂಡ ಹರಡಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತರು.

"ಏನೇ ಇದು, ಕೆಳಗೂ ಬೆಂಕಿ, ಮ್ಯಾಲೂ ಬೆಂಕಿ?"

"ಎರಡೂ ಕಡೆಯಿಂದ ಸಮ ಕಾಯಬೇಕು ಅತ್ತೆಮ್ಮ. ಆಗ ನಡುವೆ ಇರೋದು ಮೆತ್ತಗಾಗುತ್ತೆ."

"ನಾನೂ ಹಂಗೇ ಬೆಂದೋಳು ಕಣೇ. ಮ್ಯಾಲೆ ನಮ್ಮತ್ತೆ, ಕೆಳಗೆ ನಿನ್ನ ಗಂಡ. ನಾನೇನು ಮೆತ್ತಗಾದ್ನಾ?"

ಆಗಿರಲಿಲ್ಲ ಅನ್ನುವುದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ತಲೆ ತಗ್ಗಿಸಿ ಕೆಂಡ ಊದಿದೆ.

ಕೇಕು ಚೆನ್ನಾಗಿ ಬಂತು. ತಪ್ಪಲೆಯ ಅಂಚು ದಾಟಿ ಉಬ್ಬಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಮೊದಲ ತುಂಡನ್ನು ಮುತ್ತುಗದ ಎಲೆಯ ಮೇಲಿಟ್ಟು ಅತ್ತೆಯ ಮುಂದೆ ಹಿಡಿದೆ. ಅವರು ಎಲೆಯನ್ನೂ ಮುಟ್ಟದೆ ಬಗ್ಗಿ ಮೂಸಿದರು.

"ಇದಕ್ಕೆ ಮೊಟ್ಟೆ ಹಾಕೀಯ."

"ದೇವರಾಣೆಗೂ ಇಲ್ಲ ಅತ್ತೆಮ್ಮ. ಉಬ್ಬಿಸಿದ್ದು ಹುಳಿಮೊಸರು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಳಿಮೊಸರಿಗೆ ಉಬ್ಬೋದಾಗಿದ್ರೆ, ಹುಟ್ಟಿದಾಗಿಂದ ಮಜ್ಜಿಗೆ ಕುಡಿದು ಬೆಳೆದೋಳು ನಾನು, ಇಷ್ಟೊತ್ತಿಗೆ ಈ ಬಾಗಿಲಾಗೆ ಹಿಡೀತಿರಲಿಲ್ಲ" ಎಂದು ಹೇಳಿ ಬಾಗಿಲು ದಾಟಿ ಹೋದರು.

೨. ಕಡ್ಡಿ ಪರೀಕ್ಷೆ

ಅತ್ತೆ ತಿನ್ನದಿದ್ದರೇನು, ಬೀದಿಯ ಹೆಂಗಸರು ಕಲಿಯಲು ಬಂದರು. ಒಬ್ಬರು ಸೇರು ಗೋಧಿಹಿಟ್ಟು ತಂದರೆ ಇನ್ನೊಬ್ಬರು ಬೆಣ್ಣೆ ತಂದರು. ಏನೂ ತರದವರು ಸಲಹೆ ತಂದರು. ಅವತ್ತು ನಮ್ಮ ಯಜಮಾನರ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು, ಸಂಜೆ ನಮ್ಮ ಮನೆಗೆ ಫಲಾಹಾರಕ್ಕೆ ಬರುವವರಿದ್ದರು. ದೊಡ್ಡ ಮನುಷ್ಯರು ಹೊಗಳಿದರೆ ಅತ್ತೆಯ ಮನಸ್ಸು ಕರಗೀತು ಎಂದು ನಾನು ಕೈ ಬಿಚ್ಚಿ ಬೆಣ್ಣೆ ಹಾಕಿದ್ದೆ.

ಕೇಕು ಹಂಡೆಯಿಂದ ಇಳಿಯಿತು. ನಾನು ಹೊಸ ಪೊರಕೆಯ ಒಂದು ಕಡ್ಡಿಯನ್ನು ತೊಳೆದು ತಂದು ಎಲ್ಲರಿಗೂ ಹೇಳಿದೆ: "ಹೀಗೆ ನಡುವೆ ಚುಚ್ಚಬೇಕು. ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಅಂತ."

ಕಡ್ಡಿಗೆ ಅಂಟಲಿಲ್ಲ. ನಾನು ಇನ್ಸ್‌ಪೆಕ್ಟರಿಗೆ ಕಾಫಿ ಕಾಸಲು ಒಳಗೆ ಹೋದೆ. ಬೇರೆಯವರ ಒಲೆಯ ಮೇಲಿನದು ಬೆಂದಿದೆ ಎಂದು ಬೇರೆಯವರ ಮಾತು ಕೇಳಿ ನಂಬುವವರಲ್ಲ ನಮ್ಮ ಬೀದಿಯವರು. ಅನ್ನದ ಅಗುಳನ್ನೂ ತಾವೇ ಹಿಚುಕಿ ನೋಡುವ ಪೈಕಿ. "ಎಲ್ಲಿ, ನಾನೂ ನೋಡ್ತೀನಿ" ಎಂದು ಒಬ್ಬರು ಚುಚ್ಚಿದರು. "ನೀನು ನಡುವೆ ಚುಚ್ಚಿದೆ, ಅಂಚು ಬೆಂದೈತೋ ಇಲ್ಲೋ" ಎಂದು ಮತ್ತೊಬ್ಬರು ಚುಚ್ಚಿದರು. ಆಮೇಲೆ ಬಂದವರು ಮೊದಲು ಚುಚ್ಚಿದವರ ಮೇಲೆ ನಂಬಿಕೆಯಿಲ್ಲದೆ ಚುಚ್ಚಿದರು. ನಾನು ಹೊರಗೆ ಬರುವ ಹೊತ್ತಿಗೆ ಕೇಕು ಹಿಟ್ಟಿನ ಜರಡಿಯಂತೆ ಆಗಿತ್ತು. ಅಳುವುದಕ್ಕೂ ಹೊತ್ತಿರಲಿಲ್ಲ, ಇನ್ಸ್‌ಪೆಕ್ಟರು ಜಗಲಿ ಹತ್ತಿಬಿಟ್ಟಿದ್ದರು.

ಅವರು ತಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ಸೊಗಸಾಗಿ ತೂತು ಬಂದಿವೆ ಮೇಷ್ಟ್ರೇ! ಬೆಂಗಳೂರಿನಲ್ಲೂ ಈ ಕೆಲಸ ನೋಡಿಲ್ಲ. ಇದರ ಅಚ್ಚು ಎಲ್ಲಿ ಸಿಗುತ್ತೆ?"

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ. "ಅಚ್ಚು ಅಂಗಡಿಯಲ್ಲಿ ಸಿಗಲ್ಲ ಸ್ವಾಮಿ" ಎಂದರು. "ಈ ಬೀದಿಗೇ ಬಂದು ಮನೆ ಮಾಡಬೇಕು."

೩. ಕಣ್ಣು ಹಾಕಿದವರು

ಕಲಿತವರಲ್ಲಿ ಎಣ್ಣೆಗಾಣದ ಮನೆಯ ಅಕ್ಕ ಒಬ್ಬಳು. ಕೈ ಧಾರಾಳ, ತಾಳ್ಮೆ ಕಡಿಮೆ. ಕೇಕು ಬೇಯುತ್ತಿರುವಾಗ ತಗಡು ತೆಗೆದು ಇಣುಕಬೇಡ ಎಂದು ಬಡಿದುಕೊಂಡೆ. ಅವಳು ಪ್ರತಿ ಸಲವೂ ಇಣುಕಿದಳು, ಪ್ರತಿ ಸಲವೂ ಅವಳ ಕೇಕು ನಡುವೆ ಕುಸಿದು ಬಾಣಲೆಯ ಆಕಾರಕ್ಕೆ ಬಂತು.

"ನೀನು ತಗಡು ತೆಗೀತೀಯ, ತಣ್ಣನೆ ಗಾಳಿ ಹೊಡೆದು ಕುಸಿಯುತ್ತೆ" ಎಂದೆ.

"ಗಾಳಿಯೂ ಅಲ್ಲ, ಗೀಳಿಯೂ ಅಲ್ಲ ಕಣವ್ವ. ಯಾರದ್ದೋ ಕಣ್ಣು ಬೀಳ್ತೈತೆ" ಎಂದಳು ಅವಳು.

ನಮ್ಮ ಕಡೆ ಕಜ್ಜಾಯ ಕರಿಯುವಾಗ ನಾಲ್ಕು ಜನ ನೋಡಿದರೆ ಒಲೆಯ ಪಕ್ಕ ಒಂದು ಒಣಮೆಣಸಿನಕಾಯಿ ಇಡುವುದುಂಟು. ಕಣ್ಣು ತಾಗಿದ್ದೆಲ್ಲ ಮೆಣಸಿನಕಾಯಿಗೆ ಹೋಗಲಿ ಎಂದು. ಅಕ್ಕ ಅಷ್ಟಕ್ಕೆ ಬಿಡುವ ಹೆಂಗಸಲ್ಲ. ಹೊರಗಿಟ್ಟರೆ ಹೊರಗಿನ ಕಣ್ಣು ತಡೆಯುತ್ತದೆ, ಒಳಗಿನದಕ್ಕೆ ಏನು ಗತಿ ಎಂದು ಎರಡು ಕೆಂಪು ಮೆಣಸಿನಕಾಯಿಯನ್ನು ಹಿಟ್ಟಿನ ನಡುವೆ ಹುದುಗಿಸಿ ಬೇಯಿಸಿದಳು. ಅವಳ ಮನೆಗೆ ಅವತ್ತು ಜಮೀನಿನ ವಿಚಾರಕ್ಕೆ ಕಂದಾಯದ ಶೇಕ್ದಾರರು ಬಂದಿದ್ದರು. ಕೇಕು ಸ್ವಲ್ಪ ಉಬ್ಬಿತ್ತು ಬೇರೆ, ಅವಳಿಗೆ ನೆಲ ಕಾಣುತ್ತಿರಲಿಲ್ಲ. ಮರ್ಯಾದೆಗೆ ನಡುವಿನ ದೊಡ್ಡ ತುಂಡನ್ನೇ ಅವರಿಗೆ ಕೊಟ್ಟಳು.

ಶೇಕ್ದಾರರು ಒಂದು ಸಲ ಅಗಿದರು, ಎರಡನೆಯ ಸಲ ಅಗಿಯಲಿಲ್ಲ. ಮುಖ ಮೊದಲು ಕೆಂಪಾಯಿತು, ಆಮೇಲೆ ಮೂಗು ಸುರಿಯಿತು, ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಅಕ್ಕನ ಗಂಡ ನೀರು ತಾ, ಬೆಲ್ಲ ತಾ ಎಂದು ಕೂಗುತ್ತಿದ್ದ. ಅಕ್ಕ ಮಾತ್ರ ನಿಂತಲ್ಲಿಂದ ಕದಲದೆ ಶೇಕ್ದಾರರ ಕಣ್ಣನ್ನೇ ನೋಡಿ ತಲೆಯಾಡಿಸಿದಳು.

"ಇಷ್ಟು ದಿನ ನನ್ನ ಕೇಕಿಗೆ ಕಣ್ಣು ಹಾಕ್ತಿದ್ದೋರು ಯಾರು ಅಂತ ಇವತ್ತು ಗೊತ್ತಾಯ್ತು" ಎಂದಳು.

೪. ಸೋಮವಾರದ ಒಪ್ಪತ್ತು

ಶ್ರಾವಣ ಬಂತು. ನಮ್ಮ ಬೀದಿಯ ವಯಸ್ಸಾದವರೆಲ್ಲ ಸೋಮವಾರ ಒಪ್ಪತ್ತು ಮಾಡುವವರು. ಒಂದು ಹೊತ್ತು ಊಟ, ಇನ್ನೊಂದು ಹೊತ್ತಿಗೆ ಅಡಿಗೆ ಮುಟ್ಟುವಂತಿಲ್ಲ. ಹಣ್ಣು, ಹಾಲು, ಸುಟ್ಟ ಶೇಂಗಾ, ಸುಟ್ಟ ಗೆಣಸು ಆದೀತು. ಆ ಸೋಮವಾರ ಮಧ್ಯಾಹ್ನ ನಾನು ಕೇಕು ಇಳಿಸಿದೆ, ವಾಸನೆ ಬೀದಿಗೆಲ್ಲ ಹಬ್ಬಿತು. ಒಪ್ಪತ್ತಿನವರು ಒಬ್ಬೊಬ್ಬರಾಗಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ತಿನ್ನಬಹುದೋ ಬಾರದೋ ಅನ್ನುವ ಪ್ರಶ್ನೆ ಎದ್ದಿತು.

ತೀರ್ಪು ಹೇಳಬೇಕಾದವರು ಬೀದಿಗೆಲ್ಲ ಹಿರಿಯರಾದ ದೊಡ್ಡವ್ವ. ಅವರು ಹಲ್ಲಿಲ್ಲದ ಬಾಯಿ ಆಡಿಸುತ್ತ ನನ್ನನ್ನು ವಿಚಾರಣೆ ಮಾಡಿದರು.

"ಇದು ನೀರಾಗೆ ಬೇಯಿಸಿದ್ದಾ?"

"ಇಲ್ಲ ದೊಡ್ಡವ್ವ. ನೀರು ಒಂದು ತೊಟ್ಟೂ ಇಲ್ಲ, ಬರೀ ಮೊಸರು, ಬೆಣ್ಣೆ."

"ಎಣ್ಣೆಯಾಗೆ ಕರಿದದ್ದಾ?"

"ಇಲ್ಲ."

"ಒಲೆ ಮ್ಯಾಲೆ ಇಟ್ಟಿದ್ದಾ?"

"ಒಲೆಯಲ್ಲ, ಮರಳಿನ ಮೇಲೆ. ಸುತ್ತ ಕೆಂಡ."

ದೊಡ್ಡವ್ವ ಕೈಯೆತ್ತಿದರು. "ಹಂಗಾದ್ರೆ ಇದು ಅಡಿಗೆ ಅಲ್ಲ. ಕೆಂಡದಾಗೆ ಸುಟ್ಟಿದ್ದು. ಗೆಣಸಿನ ಜಾತಿ. ತಿನ್ನಬೌದು."

ತೀರ್ಪು ಬರುವುದಕ್ಕೂ ಕೇಕು ಮುಗಿಯುವುದಕ್ಕೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಂದಿನ ಸೋಮವಾರ ಒಪ್ಪತ್ತಿನವರು ಇಮ್ಮಡಿಯಾದರು. ಅದರ ಮುಂದಿನ ಸೋಮವಾರ ಹದಿಹರೆಯದ ಹುಡುಗಿಯರಿಗೂ ಭಕ್ತಿ ಬಂತು. ಗಾಣದ ಮನೆಯ ಅಕ್ಕನಂತೂ ಮಂಗಳವಾರವೂ ಒಪ್ಪತ್ತು ಮಾಡಬಹುದೇ ಎಂದು ಕೇಳಿದಳು. ನಮ್ಮ ಅತ್ತೆ ಮಾತ್ರ ಒಂದು ಲೋಟ ಹಾಲು ಕುಡಿದು ಕಂಬಕ್ಕೆ ಒರಗಿ ಕೂತು ಎಲ್ಲರೂ ತಿನ್ನುವುದನ್ನು ನೋಡುತ್ತಿದ್ದರು. ನಾನು ತಟ್ಟೆ ಹಿಡಿದು ಹೋದೆ. "ದೊಡ್ಡವ್ವನೇ ಹೇಳಿದಾರೆ ಅತ್ತೆಮ್ಮ, ಗೆಣಸಿನ ಜಾತಿಯಂತೆ."

"ಗೆಣಸನ್ನ ನಾನು ಕಂಡೀನಿ. ಕೋಳಿ ಇಟ್ಟಿದ್ದು ಅದಕ್ಕೆ ಹಾಕಲ್ಲ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಶ್ರಾವಣದ ಕೊನೆಯ ಸೋಮವಾರ ಅವರು ಜಗಲಿಯಿಂದ ಏಳಲಾರದೆ ಏಳುತ್ತಿದ್ದ ಹೆಂಗಸರ ಕಡೆ ತಿರುಗಿ ಹೇಳಿದ ಮಾತು ಮಾತ್ರ ಬೀದಿಯಲ್ಲಿ ಉಳಿದುಕೊಂಡಿತು: "ಉಪಾಸ ಮಾಡಿ ಸೊರಗಿದೋರನ್ನ ನೋಡಿದ್ದೆ. ಉಪಾಸ ಮಾಡಿ ಕುಪ್ಪಸ ಬಿಚ್ಚಿ ಹೊಲಿಸಿಕೊಂಡೋರನ್ನ ಈ ವರ್ಸವೇ ನೋಡಿದ್ದು."

೫. ಮೊಳಕಾಲ್ಮೂರಿನ ಪುಡಿ

ನನ್ನ ನಾದಿನಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು, ರೇಷ್ಮೆ ಸೀರೆ ನೇಯಿಸುವ ಮನೆ. ಅವಳು ಬಸುರಿಯಾಗಿದ್ದಾಗ ಸೀಮಂತಕ್ಕೆ ಎಲ್ಲರೂ ಗಾಡಿ ಕಟ್ಟಿಸಿಕೊಂಡು ಹೊರಟೆವು. ಅತ್ತೆ ಶೇಂಗಾ ಹೋಳಿಗೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು. ನನ್ನ ಕೇಕಿನ ಡಬ್ಬಕ್ಕೆ ಜಾಗ ಸಿಕ್ಕಿದ್ದು ಹಿಂದೆ, ಹುಲ್ಲಿನ ಮೇಲೆ. ದಾರಿಯೋ, ಕಲ್ಲಿಗೊಂದು ಗುಂಡಿ, ಗುಂಡಿಗೊಂದು ಕಲ್ಲು. ಗಾಡಿ ಎಗರಿದಾಗಲೆಲ್ಲ ಡಬ್ಬವೂ ಎಗರಿತು. ಮೊಳಕಾಲ್ಮೂರಿನಲ್ಲಿ ಮುಚ್ಚಳ ತೆಗೆದರೆ ಒಳಗೆ ಕೇಕು ಇರಲಿಲ್ಲ. ಬರೀ ಪುಡಿ ಇತ್ತು.

ನಾದಿನಿ ಜಾಣೆ. "ಸುಮ್ನಿರಿ ಅತ್ತಿಗೆ" ಎಂದು ಪುಡಿಯನ್ನೇ ಬೆಳ್ಳಿ ಬಟ್ಟಲಿಗೆ ಸುರಿದು ಚಮಚ ಸಿಗಿಸಿ ಎಲ್ಲರಿಗೂ ಹಂಚಿದಳು. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಗಡಿಯ ಆಚೆ ರಾಯದುರ್ಗದ ಕಡೆಯವರು. ಮಾತಿಗೆ ಅರ್ಧ ಕನ್ನಡ, ಅರ್ಧ ತೆಲುಗು. ಒಂದು ಚಮಚ ಬಾಯಿಗೆ ಹಾಕಿಕೊಂಡು "ಶಾನಾ ಬಾಗುಂದಿ, ಭಾಳ ಚೆನ್ನಾಗೈತೆ! ನಮ್ಮ ತಂಬಿಟ್ಟಿನ ಹಿಟ್ಟಿಗಿಂತ ಮೆತ್ತಗೈತೆ. ಏನಂತಾರೆ ಇದಕ್ಕೆ?" ಎಂದು ಕೇಳಿದರು.

"ಕೇಕು" ಎಂದಳು ನಾದಿನಿ.

ಬೀಗಿತ್ತಿ ಮಾಡುವ ಬಗೆ ಕೇಳಿ ತಿಳಿದುಕೊಂಡರು. ಮುಂದಿನ ತಿಂಗಳು ತಾವೇ ಮಾಡಿ ನಮಗೆ ಒಂದು ಡಬ್ಬ ಪುಡಿ ಕಳಿಸಿದರು. ನಾದಿನಿ ಹೆರಿಗೆಗೆ ಬಂದಾಗ ನಡೆದದ್ದನ್ನು ಹೇಳಿದಳು. ಸೋಡಾಪುಡಿ ಹಾಕುವುದನ್ನು ಬೀಗಿತ್ತಿ ಮರೆತಿದ್ದರು. ಕೇಕು ಕಲ್ಲಾಗಿ ಇಳಿದಿತ್ತು. ಅವರು ಅದಕ್ಕೆ ಸ್ವಲ್ಪವೂ ಎದೆಗುಂದದೆ, ಹದ ಸರಿಯಾಗಿದೆ ಎಂದು ಒರಳಿಗೆ ಹಾಕಿ, ಇಬ್ಬರು ಆಳುಗಳನ್ನು ಒನಕೆ ಹಿಡಿಸಿ ಕುಟ್ಟಿಸಿದ್ದರು. ಕುಟ್ಟುವವರು ದಣಿದು ಕೂತಾಗ "ಕೇಕು ಮಾಡೋದು ಅಂದ್ರೆ ಸುಮ್ನೆ ಅಲ್ಲ, ಮೈಯಾಗೆ ಕಸುವು ಬೇಕು" ಎಂದು ಬುದ್ಧಿಯನ್ನೂ ಹೇಳಿದ್ದರಂತೆ.

ಕುಟ್ಟದೆ ಉಳಿದ ಒಂದು ತುಂಡನ್ನು ನಾದಿನಿ ನಮಗೆ ತೋರಿಸಲು ತಂದಿದ್ದಳು. ನಮ್ಮ ಯಜಮಾನರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು. "ಸಿದ್ದಾಪುರದ ಬಂಡೆ ಮೇಲೆ ಹಿಂದಿನ ಕಾಲದ ರಾಜ ಅಕ್ಷರ ಕೆತ್ತಿಸಿದಾನಲ್ಲ" ಎಂದರು, "ಆಗ ಬೀಗಿತ್ತಿಯೋರು ಇದ್ದಿದ್ದರೆ ಅವನು ಗುಡ್ಡ ಹತ್ತೋ ಕಷ್ಟ ತಪ್ಪುತ್ತಿತ್ತು."

೬. ತೊಟ್ಟಿಲ ದಿನ

ನಾದಿನಿಗೆ ಗಂಡುಮಗು. ತೊಟ್ಟಿಲಿಗೆ ಹಾಕುವ ದಿನ ಮೊಳಕಾಲ್ಮೂರಿನ ಬೀಗರೆಲ್ಲ ನಮ್ಮ ಮನೆಗೆ ಬಂದರು. ಅವತ್ತು ಎರಡು ಹಂಡೆ ಹೂಡಿ ಕೇಕು ಮಾಡಿದೆ. ಅಂಥದ್ದನ್ನು ನಾನು ಹಿಂದೆ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಬೆರಳಿಟ್ಟರೆ ಇಳಿದು ಮತ್ತೆ ಏಳುತ್ತಿತ್ತು. ಅತ್ತೆ ಬೇಡ ಅನ್ನಲಿಲ್ಲ, "ಹೋಳಿಗೆ ಮುಗಿದ ಮ್ಯಾಲೆ ಬಡಿಸು" ಎಂದು ಮಾತ್ರ ಹೇಳಿದರು.

ಪಡಸಾಲೆಯಲ್ಲಿ ಪಂಕ್ತಿ ಕೂತಿತ್ತು. ನಾನು ಕೇಕಿನ ತಟ್ಟೆ ತಂದು ಬೀಗಿತ್ತಿಯ ಎಲೆಗೆ ಮೊದಲು ಬಡಿಸಿದೆ. ಅವರು ತುಂಡನ್ನು ಒತ್ತಿ ನೋಡಿದರು. ಅದು ಎದ್ದಿತು. ಮತ್ತೆ ಒತ್ತಿದರು. ಮತ್ತೆ ಎದ್ದಿತು.

"ಏನಮ್ಮಾ ಇದು?"

"ಕೇಕು."

"ಇದು ಯಾವ ಕೇಕು? ಅವತ್ತು ನೀನು ತಂದಿದ್ದು ಪುಡಿ ಇತ್ತು. ನಾನು ಮಾಡಿದ್ದು ಕಲ್ಲು ಇತ್ತು. ಇದು ಹತ್ತಿ ಇದ್ದಂಗೈತೆ. ಮೊಟ್ಟೆ ಇಲ್ದೆ ಹಿಂಗೆ ಆಗಲ್ಲ." ಎಲೆಯಿಂದ ಕೈ ಹಿಂದಕ್ಕೆ ಎಳೆದುಕೊಂಡರು. "ನಾವು ಇಂಥಾದ್ದು ತಿನ್ನೋರಲ್ಲ."

ಅವರ ಕಡೆಯವರ ಕೈಗಳೆಲ್ಲ ಎಲೆಯ ಮೇಲೆಯೇ ನಿಂತವು. ಬೀಗರು ಅರ್ಧ ಊಟದಲ್ಲಿ ಎದ್ದರೆ ನಾದಿನಿಯ ಗತಿ ಏನು, ನನ್ನ ಗತಿ ಏನು? ಕೇಕಿನಲ್ಲಿ ಮೊಟ್ಟೆ ಇದೆ ಎಂದು ಮೊದಲ ದಿನದಿಂದ ಹೇಳುತ್ತ ಬಂದವರು ನಮ್ಮ ಅತ್ತೆ. ಈಗ ಅವರಿಗೆ ಸಾಕ್ಷಿಯೂ ಸಿಕ್ಕಿತ್ತು. ಇನ್ನು ಮೇಲೆ ಹಂಡೆ ಹಿತ್ತಲಿಗೆ, ನಾನು ಹೋಳಿಗೆಗೆ ಎಂದುಕೊಂಡೆ.

ಅತ್ತೆ ತುಪ್ಪದ ಗಿಂಡಿಯನ್ನು ಕೆಳಗಿಟ್ಟು ನೆಟ್ಟಗೆ ನಿಂತರು.

"ಏನಂದ್ರಿ? ನಮ್ಮ ಮನ್ಯಾಗೆ ಮೊಟ್ಟೆ?"

"ನಾನು ಅನ್ನೋದಲ್ಲ ಬೀಗಿತ್ತಿಯೋರೆ, ಕೇಕೇ ಹೇಳ್ತೈತೆ" ಎಂದರು ನಾದಿನಿಯ ಅತ್ತೆ.

"ನನ್ನ ಸೊಸಿ ಹುಳಿಮೊಸರು ಹಾಕಿ ಉಬ್ಬಿಸ್ತಾಳೆ. ಈ ಬೀದಿಯಾಗೆ ಎಲ್ಲರೂ ಬಲ್ಲರು. ಅವಳು ದೇವರಾಣೆ ಇಟ್ಟು ಹೇಳಿದಾಳೆ, ನಾನು ನಂಬೀನಿ."

ನಂಬಿದ್ದು ಯಾವಾಗಲೋ ನನಗೆ ಗೊತ್ತಾಗಲಿಲ್ಲ. ಅತ್ತೆ ನನ್ನ ಕೈಯ ತಟ್ಟೆಯಿಂದ ಒಂದು ತುಂಡು ತೆಗೆದು ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಇನ್ನೊಂದು ತೆಗೆದರು. ಅದನ್ನೂ ಅಗಿದರು. ಎಷ್ಟು ದಿನದಿಂದ ಕಾದಿದ್ದೆ ಈ ಗಳಿಗೆಗೆ! ನನಗೆ ಬೀಗರೂ ಕಾಣಲಿಲ್ಲ, ಪಂಕ್ತಿಯೂ ಕಾಣಲಿಲ್ಲ. ಅವರ ದವಡೆಯೊಂದೇ ಕಾಣುತ್ತಿತ್ತು.

"ಇದರಾಗೆ ಮೊಟ್ಟೆ ಇಲ್ಲ" ಎಂದರು ಅತ್ತೆ. "ಇದ್ದಿದ್ರೆ ನನಗೆ ರುಚಿಯಾಗೇ ಗೊತ್ತಾಗ್ತಿತ್ತು."

ಬೀಗಿತ್ತಿ ತಲೆ ಓರೆ ಮಾಡಿದರು. "ಮೊಟ್ಟೆ ರುಚಿ ನಿಮಗೆ ಹೆಂಗೆ ಗೊತ್ತು ಬೀಗಿತ್ತಿಯೋರೆ?"

ನಮ್ಮ ಯಜಮಾನರು ತೊಲೆ ಎಣಿಸುವವರ ಹಾಗೆ ಮೇಲೆ ನೋಡಿದರು. ಅತ್ತೆ ಮಾತ್ರ ಕದಲಲಿಲ್ಲ. "ಬೀಗರ ಬಾಯಿಗೆ ಬೀಗರೇ ಸಿಹಿ ಹಾಕಬೇಕು, ಶಾಸ್ತ್ರ ಮರ್ತೇ ಹೋಗಿತ್ತು ನೋಡಿ" ಎನ್ನುತ್ತ ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತುಂಡನ್ನು ತೆಗೆದು ಬೀಗಿತ್ತಿಯ ಬಾಯಿಗೆ ತುರುಕಿದರು. ಕೇಳಲು ತೆರೆದ ಬಾಯಿ ಮುಚ್ಚಲೇಬೇಕಾಯಿತು, ಮುಚ್ಚಿದ ಮೇಲೆ ಅಗಿಯಲೇಬೇಕಾಯಿತು. ಅಗಿಯುತ್ತ ಅಗಿಯುತ್ತ ಅವರ ಹುಬ್ಬು ಸಡಿಲವಾಯಿತು. ನುಂಗಿ, ನೀರು ಕುಡಿದು, ಎಲೆಯ ಮೇಲಿದ್ದ ತುಂಡನ್ನೂ ತಾವೇ ಎತ್ತಿಕೊಂಡರು. ಅವರ ಕಡೆಯವರೆಲ್ಲ ಕೈ ಹಾಕಿದರು. ತಟ್ಟೆ ಬರಿದಾಯಿತು.

ಬೀಗರು ಎಲೆಯಡಿಕೆ ಹಾಕಿಕೊಂಡು ಜಗಲಿಗೆ ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ತಪ್ಪಲೆಗೆ ಅಂಟಿದ್ದ ಚೂರನ್ನು ಕೆರೆಯುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಆ ಚೂರನ್ನೂ ನನ್ನ ಕೈಯಿಂದ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.

"ಹೆಂಗಿತ್ತು ಅತ್ತೆಮ್ಮ?" ಎಂದೆ.

"ಚೆನ್ನಾಗೈತೆ ಕಣೇ. ನಿನ್ನ ಕೈ ಒಳ್ಳೇದು" ಎಂದರು. ಬೆರಳು ನೆಕ್ಕಿಕೊಂಡು ಮಾತು ಮುಂದುವರಿಸಿದರು. "ನನ್ನ ತವರು ತಳಕಿನಾಗೆ ಸಾಹೇಬರು ಇಳಕೊಳ್ಳೋ ಬಂಗಲೆ ಇತ್ತು. ಅಲ್ಲಿ ಬಟ್ಲರನ ಮಗಳು ನನ್ನ ಗೆಳತಿ. ಮದುವೆಗೆ ಮುಂಚೆ, ಬಾವಿಕಟ್ಟೆ ಹಿಂದೆ ಕೂತ್ಕೊಂಡು, ಅವಳು ಕದ್ದು ತಂದ ಕೇಕು ಬೇಕಾದಷ್ಟು ತಿಂದೀನಿ. ಅದಕ್ಕೇ ನಿನ್ನದನ್ನ ಮುಟ್ಟೋಕೆ ಹೆದರ್ತಿದ್ದೆ. ಒಂದು ಸಲ ಬಾಯಿಗೆ ಬಿದ್ರೆ ನನ್ನಿಂದ ಬಿಡೋಕೆ ಆಗಲ್ಲ."

ನಾನು ಸೌಟು ಕೆಳಗಿಟ್ಟೆ. ಕೇಳಬಾರದ್ದನ್ನೇ ಕೇಳಿದೆ. "ಅದಕ್ಕೂ ಇದಕ್ಕೂ ಯಾವುದು ಚೆನ್ನಾಗಿದೆ ಅತ್ತೆಮ್ಮ?"

ಅತ್ತೆ ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಲ್ಲಾ ಸರಿಯಾಗೈತೆ. ಒಂದೇ ಒಂದು ಕಮ್ಮಿ."

"ಏನು?"

"ಮೊಟ್ಟೆ."